ಹೊಸ ಫೋನ್: ವ್ಯಾಪಾರದ ಸಿಮ್ ಹಾಕುವ ಮುನ್ನ ಏನೇನು ನೋಡಬೇಕು?

ಹೊಸ ಫೋನ್ ಕೈಗೆ ಬಂದ ಕೂಡಲೇ ಹೆಚ್ಚಿನ ವ್ಯಾಪಾರಿಗಳು ಹಳೆಯದರಿಂದ ಸಿಮ್ ತೆಗೆದು ಇದಕ್ಕೆ ಹಾಕಿಬಿಡುತ್ತಾರೆ. ಅದು ಕೊನೆಗೆ ಮಾಡಬೇಕಾದ ಕೆಲಸ. ಬ್ಯಾಂಕ್ ಖಾತೆಗೆ ಜೋಡಿಸಿದ ಸಿಮ್ ಬೇರೆ ಫೋನಿಗೆ ಹೋದರೆ ಯುಪಿಐ ಆ್ಯಪ್‌ಗಳನ್ನು ಹೊಸದಾಗಿ ನೋಂದಾಯಿಸಬೇಕಾಗುತ್ತದೆ, ಮೊದಲ 24 ಗಂಟೆ ಹಣ ಕಳಿಸುವ ಮಿತಿ ಸಾಮಾನ್ಯವಾಗಿ 5,000 ರೂಪಾಯಿಗೆ ಇಳಿಯುತ್ತದೆ. ಆಮೇಲೆ ದೋಷ ಕಂಡು ಫೋನ್ ವಾಪಸ್ ಮಾಡಿದರೆ ಹಳೆಯ ಫೋನಿನಲ್ಲೂ ಇದೇ ಪಾಡು. ಹಾಗಾಗಿ ಮನೆಯಲ್ಲಿರುವ ಬೇರೊಂದು ಸಿಮ್ ಹಾಕಿ ಪರೀಕ್ಷಿಸಿ. ಬದಲಿ ಪಡೆಯುವ ಅವಧಿ ಆನ್‌ಲೈನ್ ಖರೀದಿಯಲ್ಲಿ ಸಾಮಾನ್ಯವಾಗಿ 7 ದಿನ. ಅಂಗಡಿಯಲ್ಲಿ ಕೊಂಡರೆ ಎಷ್ಟು ದಿನವೆಂದು ಮೊದಲೇ ಕೇಳಿ, ಬಿಲ್ಲಿನ ಮೇಲೆ ಬರೆಸಿಕೊಳ್ಳಿ.

ಬಿಲ್ಲು ಮತ್ತು ಡಬ್ಬಿ

ಡಯಲರ್‌ನಲ್ಲಿ *#06# ಒತ್ತಿದರೆ ಫೋನಿನ ಗುರುತಾದ 15 ಅಂಕಿಯ ಐಎಂಇಐ ಸಂಖ್ಯೆ ಕಾಣುತ್ತದೆ. ಅದು ಡಬ್ಬಿಯ ಮೇಲಿನದಕ್ಕೂ ಬಿಲ್ಲಿನಲ್ಲಿರುವುದಕ್ಕೂ ತಾಳೆಯಾಗಬೇಕು. ಎರಡು ಸಿಮ್‌ನ ಫೋನಿಗೆ ಎರಡು ಸಂಖ್ಯೆ ಇರುತ್ತವೆ. ಬಿಲ್ಲಿನಲ್ಲಿ ಒಂದೇ ಇದ್ದರೆ ಗಾಬರಿ ಬೇಡ. ಕೇಂದ್ರ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿ, ತೋರಿಸುವ ಕಂಪನಿ ಮತ್ತು ಮಾದರಿ ನಿಮ್ಮ ಕೈಯಲ್ಲಿರುವ ಫೋನಿನದೇ ಎಂದು ನೋಡಿ. ಜಿಎಸ್‌ಟಿ ನೋಂದಣಿ ಇದ್ದವರು ಬಿಲ್ಲಿನಲ್ಲಿ ತಮ್ಮ ಜಿಎಸ್‌ಟಿ ಸಂಖ್ಯೆ ಹಾಕಿಸಬೇಕು. ಮೊಬೈಲ್ ಮೇಲಿನ ತೆರಿಗೆ ಶೇ 18. ವ್ಯಾಪಾರಕ್ಕೆಂದು ಕೊಂಡಿದ್ದರೆ ಅದನ್ನು ಇನ್‌ಪುಟ್ ಕ್ರೆಡಿಟ್ ಆಗಿ ಪಡೆಯಬಹುದು, ಅಂದರೆ ನೀವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆಯಬಹುದು. ವಹಿವಾಟಿನ ಮೇಲೆ ನಿಗದಿತ ಕಡಿಮೆ ದರದಲ್ಲಿ ತೆರಿಗೆ ಕಟ್ಟುವ ಕಾಂಪೊಸಿಷನ್ ಯೋಜನೆಯಲ್ಲಿರುವವರಿಗೆ ಈ ಅವಕಾಶ ಇಲ್ಲ.

ಪರದೆ ಮತ್ತು ಬೆರಳಚ್ಚು

ಯಾವುದಾದರೂ ಆ್ಯಪ್‌ನ ಚಿಹ್ನೆಯನ್ನು ಒತ್ತಿ ಹಿಡಿದು ಪರದೆಯ ಮೂಲೆಮೂಲೆಗೂ ಎಳೆಯಿರಿ. ನಡುವೆ ಎಲ್ಲೋ ಕೈಬಿಟ್ಟರೆ ಅಲ್ಲಿ ಸ್ಪರ್ಶದ ತೊಂದರೆ ಇರಬಹುದು. ಅದೇ ಜಾಗದಲ್ಲಿ ಎರಡು ಮೂರು ಬಾರಿ ಎಳೆದು ನೋಡಿ. ಸ್ಯಾಮ್‌ಸಂಗ್‌ನಲ್ಲಿ *#0*#, ರೆಡ್‌ಮಿಯಲ್ಲಿ *#*#6484#*#* ಒತ್ತಿದರೆ ಕಂಪನಿಯದೇ ಪರೀಕ್ಷಾ ಪಟ್ಟಿ ತೆರೆಯುತ್ತದೆ.

ಸಿಮೆಂಟು, ಹಿಟ್ಟು, ಅಡಿಕೆ ಮುಟ್ಟುವ ಕೈಗಳ ಬೆರಳಚ್ಚನ್ನು ಫೋನ್ ಸರಿಯಾಗಿ ಓದುವುದಿಲ್ಲ. ಒಂದೇ ಬೆರಳನ್ನು ಎರಡು ಬಾರಿ ದಾಖಲಿಸಿ ನೋಡಿ. ಆಗಲೂ ಆಗದಿದ್ದರೆ ಆರು ಅಂಕಿಯ ಪಿನ್ ಇಟ್ಟುಕೊಳ್ಳಿ. ಫೋನ್ ಬದಲಿಸುವಂಥ ದೋಷವಲ್ಲ ಇದು.

ಕರೆ: ಹೆಚ್ಚು ಸಮಯ ಕೊಡಬೇಕಾದ್ದು ಇಲ್ಲಿ

ಅಂಗಡಿಯ ಒಳಮೂಲೆಯಿಂದ ಒಂದು, ರಸ್ತೆ ಬದಿಯಿಂದ ಒಂದು, ಸ್ಪೀಕರ್ ಹಾಕಿ ಒಂದು ಕರೆ ಮಾಡಿ. ನಿಮಗೆ ಕೇಳಿಸಿತೇ ಎನ್ನುವುದಕ್ಕಿಂತ ಆ ಕಡೆಯವರಿಗೆ ನಿಮ್ಮ ದನಿ ಹೇಗೆ ಕೇಳಿಸಿತು ಎಂದು ವಿಚಾರಿಸಿ. ಬಳಿಕ ಗ್ಯಾಸ್ ಬುಕಿಂಗ್‌ಗೋ ಬ್ಯಾಂಕಿನ ಸಹಾಯವಾಣಿಗೋ ಕರೆ ಮಾಡಿ, ‘ಒಂದನ್ನು ಒತ್ತಿ’ ಎಂದಾಗ ಫೋನನ್ನು ಕಿವಿಯಿಂದ ಇಳಿಸಿ. ಪರದೆ ತಕ್ಷಣ ಬೆಳಗಬೇಕು. ಕಪ್ಪಾಗಿಯೇ ಉಳಿದರೆ, ಫೋನ್ ಕಿವಿಯ ಹತ್ತಿರ ಇದೆಯೇ ಎಂದು ಗುರುತಿಸುವ ಸಾಮೀಪ್ಯ ಸೆನ್ಸರ್‌ನಲ್ಲಿ ತೊಂದರೆ ಇದೆ. ಅದರ ಮೇಲೆ ಕೂತ ಟೆಂಪರ್ಡ್ ಗ್ಲಾಸ್‌ನಿಂದಲೂ ಹೀಗಾಗುತ್ತದೆ. ಆದ್ದರಿಂದ ಗ್ಲಾಸ್ ಅಂಟಿಸುವುದನ್ನು ಪರೀಕ್ಷೆ ಮುಗಿಯುವವರೆಗೆ ಮುಂದೂಡಿ.

ಎರಡು ಸಿಮ್ ಹಾಕುವವರು ಒಂದರಲ್ಲಿ ಮಾತಾಡುತ್ತಿರುವಾಗ ಇನ್ನೊಂದಕ್ಕೆ ಕರೆ ಮಾಡಿಸಿ ನೋಡಬೇಕು. ಬಹುತೇಕ ಫೋನ್‌ಗಳಲ್ಲಿ ಎರಡನೆಯ ನಂಬರ್ ಆಗ ಸಿಗುವುದಿಲ್ಲ, ಗಿರಾಕಿಗೆ ‘ಸಂಪರ್ಕಕ್ಕೆ ಸಿಗುತ್ತಿಲ್ಲ’ ಎಂಬ ಉತ್ತರ ಹೋಗುತ್ತದೆ. ಎರಡೂ ನಂಬರ್‌ಗೆ ದಿನವಿಡೀ ಆರ್ಡರ್ ಬರುವ ಅಂಗಡಿಯಾದರೆ ಒಂದನ್ನು ಹಳೆಯ ಫೋನಿನಲ್ಲೇ ಬಿಡುವುದು ಜಾಣತನ. ಇನ್ನು ಆರ್ಡರ್ ಕರೆಗಳನ್ನು ರೆಕಾರ್ಡ್ ಮಾಡುವ ಅಭ್ಯಾಸ ಇದ್ದರೆ ಗಮನಿಸಿ: ಗೂಗಲ್ ಡಯಲರ್ ಇರುವ ಫೋನ್‌ಗಳಲ್ಲಿ ರೆಕಾರ್ಡಿಂಗ್ ಶುರುವಾದದ್ದು ಆ ಕಡೆಯವರಿಗೂ ದನಿಯಲ್ಲಿ ತಿಳಿಯುತ್ತದೆ.

ಬಿಎಸ್‌ಎನ್‌ಎಲ್ ಬಳಸುವವರಿಗೆ ಒಂದು ಮಾತು. ಅದರ 4ಜಿ 700 ಮೆಗಾಹರ್ಟ್ಸ್‌ನ ಬ್ಯಾಂಡ್ 28 ಎಂಬ ತರಂಗ ಪಟ್ಟಿಯಲ್ಲೂ ಬರುತ್ತದೆ, ಅದು ಇಲ್ಲದ ಫೋನಿಗೆ ಆ ಸಿಗ್ನಲ್ ಸಿಗುವುದಿಲ್ಲ. ಫೋನಿನ ವಿವರದಲ್ಲಿ ‘ಎನ್28’ ಎಂದಿದ್ದರೆ ಅದು 5ಜಿಯದು. 4ಜಿ ಪಟ್ಟಿಯಲ್ಲೂ 28 ಇದೆಯೇ ಎಂದು ಬೇರೆಯಾಗಿ ನೋಡಿ.

ಪ್ರಿಂಟರ್, ಬಿಲ್ಲಿಂಗ್, ಮೆಮೊರಿ

58 ಮಿಲಿಮೀಟರ್ ಕಾಗದದ ಬ್ಲೂಟೂತ್ ಪ್ರಿಂಟರ್ ಜೋಡಿಸುವಾಗ ಪಿನ್ ಕೇಳಿದರೆ ಸಾಮಾನ್ಯವಾಗಿ 0000 ಅಥವಾ 1234. ಜೋಡಣೆಯಾದರೂ ಬಿಲ್ಲಿಂಗ್ ಆ್ಯಪ್‌ನಲ್ಲಿ ಪ್ರಿಂಟರ್ ಕಾಣದಿದ್ದರೆ ಅನುಮತಿ ಕೊಟ್ಟಿಲ್ಲ ಎಂದೇ ಮೊದಲು ಅನುಮಾನಿಸಿ: ಆಂಡ್ರಾಯ್ಡ್ 12ರಿಂದೀಚೆಗೆ ‘ಹತ್ತಿರದ ಸಾಧನಗಳು’ ಎಂಬ ಅನುಮತಿ ಪ್ರತ್ಯೇಕವಾಗಿ ಕೊಡಬೇಕು. ಇಂಗ್ಲಿಷ್ ಸರಿಯಾಗಿ ಬಂದು ಕನ್ನಡದ ಜಾಗದಲ್ಲಿ ಪ್ರಶ್ನೆಚಿಹ್ನೆಗಳು ಬಂದರೆ ತಪ್ಪು ಫೋನಿನದಲ್ಲ. ಅಗ್ಗದ ಪ್ರಿಂಟರ್‌ಗಳಲ್ಲಿ ಕನ್ನಡ ಅಕ್ಷರಗಳೇ ಇರುವುದಿಲ್ಲ. ಆ್ಯಪ್‌ನಲ್ಲಿ ಬಿಲ್ಲನ್ನು ಚಿತ್ರವಾಗಿ ಕಳಿಸುವ ಆಯ್ಕೆ ಇದ್ದರೆ ಹಾಕಿ. ಮುದ್ರಣ ತುಸು ನಿಧಾನವಾಗುತ್ತದೆ, ಅಕ್ಷರ ಸರಿಬರುತ್ತದೆ.

ಕೇಬಲ್ ಇರುವ ಬಾರ್‌ಕೋಡ್ ಸ್ಕ್ಯಾನರ್ ಬಳಸುವವರು ಅದನ್ನು ಸಿಕ್ಕಿಸಿ ಕಾಲು ಗಂಟೆ ಸುಮ್ಮನೆ ಬಿಟ್ಟು ಮತ್ತೆ ಸ್ಕ್ಯಾನ್ ಮಾಡಿ. ಒಪ್ಪೊ, ರಿಯಲ್‌ಮಿಯಂಥ ಹಲವು ಫೋನ್‌ಗಳಲ್ಲಿ ಒಟಿಜಿ (ಚಾರ್ಜಿಂಗ್ ಕಿಂಡಿಗೆ ಬೇರೆ ಸಾಧನ ಜೋಡಿಸುವ) ಸಂಪರ್ಕ ಬಳಕೆ ಇಲ್ಲದಿದ್ದರೆ 10 ನಿಮಿಷಕ್ಕೆ ತಾನಾಗಿ ಆಫ್ ಆಗುತ್ತದೆ. ಇದೂ ದೋಷವಲ್ಲ, ಆದರೆ ಗಿರಾಕಿ ಮುಂದೆ ನಿಂತಾಗ ತಲೆನೋವು.

ರ‍್ಯಾಮ್ ‘8+8’ ಎಂಬ ಜಾಹೀರಾತಿಗೆ ಮರುಳಾಗಬೇಡಿ. ಎರಡನೆಯ 8 ಎಂದರೆ ಸ್ಟೋರೇಜ್‌ನಿಂದ ಎರವಲು ಪಡೆದ ಜಾಗ, ಅದರ ವೇಗ ಬಹಳ ಕಡಿಮೆ. ಹೀಗೆ ಪರೀಕ್ಷಿಸಿ: ಬಿಲ್ಲಿಂಗ್ ಆ್ಯಪ್‌ನಲ್ಲಿ ಆರೇಳು ಸಾಮಾನು ಹಾಕಿ ಬಿಲ್ಲನ್ನು ಅರ್ಧಕ್ಕೆ ಬಿಡಿ. ಬಂದ ಕರೆಯಲ್ಲಿ ಮಾತಾಡಿ, ಕ್ಯಾಮೆರಾ ತೆರೆದು ಒಂದು ಚೀಟಿಯ ಫೋಟೊ ತೆಗೆಯಿರಿ, ವಾಟ್ಸ್‌ಆ್ಯಪ್ ನೋಡಿ, ಬಿಲ್ಲಿಗೆ ಮರಳಿ. ಹಾಕಿದ ಸಾಮಾನೆಲ್ಲ ಮಾಯವಾಗಿ ಆ್ಯಪ್ ಮೊದಲಿನಿಂದ ತೆರೆದರೆ ರ‍್ಯಾಮ್ ಸಾಲುತ್ತಿಲ್ಲ, ಇಲ್ಲವೇ ಬ್ಯಾಟರಿ ಉಳಿಸಲೆಂದು ಫೋನ್ ಆ್ಯಪ್ ಮುಚ್ಚುತ್ತಿದೆ. ಆ್ಯಪ್‌ನ ಬ್ಯಾಟರಿ ಸೆಟ್ಟಿಂಗ್‌ನಲ್ಲಿ ‘ನಿರ್ಬಂಧವಿಲ್ಲ’ ಆರಿಸಿ, ‘ಆಟೊಸ್ಟಾರ್ಟ್’ ಇದ್ದರೆ ಆನ್ ಮಾಡಿ ಮತ್ತೊಮ್ಮೆ ನೋಡಿ. ಆರ್ಡರ್ ಸಂದೇಶಗಳು ತಡವಾಗಿ, ಗುಂಪಾಗಿ ಬಂದು ಬೀಳುವುದಕ್ಕೂ ಹೆಚ್ಚಿನಂಶ ಇದೇ ಕಾರಣ. ಹಣ ಬಂದದ್ದನ್ನು ಕೂಗಿ ಹೇಳುವ ಸೌಂಡ್‌ಬಾಕ್ಸ್ ನಂಬಿ ಫೋನ್ ಸರಿಯಿದೆ ಎಂದುಕೊಳ್ಳಬೇಡಿ. ಅದರೊಳಗೆ ಅದರದೇ ಸಿಮ್ ಇರುತ್ತದೆ.

ಬ್ಯಾಟರಿ, ಬಿಸಿ

ಮೊದಲೆರಡು ದಿನ ಫೋನ್ ಆ್ಯಪ್‌ಗಳನ್ನು ಅಪ್‌ಡೇಟ್ ಮಾಡುತ್ತಿರುತ್ತದೆ, ಚಾರ್ಜ್ ಬೇಗ ಇಳಿಯುತ್ತದೆ. ಮೂರನೆಯ ರಾತ್ರಿ ಡೇಟಾ ಆನ್ ಇಟ್ಟು, ಚಾರ್ಜರ್ ತೆಗೆದು ಎಂಟು ಗಂಟೆ ಬಿಡಿ. ಶೇ 3ರಿಂದ 5 ಇಳಿದರೆ ಸರಿ. ಶೇ 10 ದಾಟಿದರೆ ಬ್ಯಾಟರಿ ಬಳಕೆಯ ಪಟ್ಟಿಯಲ್ಲಿ ಯಾವ ಆ್ಯಪ್ ತಿಂದಿದೆ ಎಂದು ನೋಡಿ. ಸಿಗ್ನಲ್ ಕ್ಷೀಣವಾಗಿರುವ ಕಡೆಯೂ ಹೀಗಾಗುತ್ತದೆ. ಮಧ್ಯಾಹ್ನದ ಬಿಸಿಲಲ್ಲಿ ಹತ್ತು ನಿಮಿಷ ಕ್ಯಾಮೆರಾ ಬಳಸಿದಾಗ ಪರದೆ ತಾನಾಗಿ ಮಂಕಾದರೆ, ಗಾಡಿಯಲ್ಲಿ ತಿರುಗುವ ಮಾರಾಟ ಪ್ರತಿನಿಧಿಗೆ ಅದು ಸಲ್ಲದ ಫೋನ್.

ಕೊನೆಗೆ ಸಿಮ್

ಎಲ್ಲ ಸರಿಯಿದ್ದರೆ ಭಾನುವಾರವೋ ಅಂಗಡಿ ರಜೆಯ ದಿನವೋ ಸಿಮ್ ಬದಲಿಸಿ. ಮೊದಲು ವಾಟ್ಸ್‌ಆ್ಯಪ್ ಬಿಸಿನೆಸ್: ಹಳೆಯ ಫೋನಿನ ಚಾಟ್ ಸೆಟ್ಟಿಂಗ್‌ನಲ್ಲಿ ‘ಚಾಟ್ ವರ್ಗಾಯಿಸಿ’ ಆರಿಸಿ, ಎರಡೂ ಫೋನಿನ ವೈಫೈ ಮತ್ತು ಲೊಕೇಶನ್ ಆನ್ ಇಟ್ಟು ಕ್ಯುಆರ್ ಸ್ಕ್ಯಾನ್ ಮಾಡಿ. ಆಮೇಲೆ ಯುಪಿಐ. ನೋಂದಣಿಗೆ ಇದೇ ಫೋನಿನಿಂದ ಎಸ್‌ಎಂಎಸ್ ಹೋಗಬೇಕು. ವಿಫಲವಾದರೆ ರೀಚಾರ್ಜ್ ಮುಗಿದಿದೆಯೇ, ಆ್ಯಪ್‌ನಲ್ಲಿ ತಪ್ಪು ಸಿಮ್ ಆರಿಸಿದ್ದೀರಾ ನೋಡಿ. ಪ್ರತಿ ಖಾತೆಯಿಂದ ಒಂದು ರೂಪಾಯಿ ಕಳಿಸಿ, ಒಂದು ರೂಪಾಯಿ ತರಿಸಿಕೊಳ್ಳಿ.

ಹಳೆಯ ಫೋನನ್ನು ಒಂದು ವಾರ ಹಾಗೆಯೇ ಇಟ್ಟುಕೊಳ್ಳಿ. ಅದನ್ನು ಮಾರುವಾಗಲಿ, ಹೊಸದನ್ನು ವಾಪಸ್ ಮಾಡುವಾಗಲಿ ಮೊದಲು ಗೂಗಲ್ ಖಾತೆ ತೆಗೆದು, ನಂತರ ಫ್ಯಾಕ್ಟರಿ ರೀಸೆಟ್ ಮಾಡಿ, ಅಂದರೆ ಫೋನಿನಲ್ಲಿರುವುದನ್ನೆಲ್ಲ ಅಳಿಸಿ. ಖಾತೆ ತೆಗೆಯದೆ ರೀಸೆಟ್ ಮಾಡಿದರೆ ಫೋನ್ ಮತ್ತೆ ನಿಮ್ಮ ಪಾಸ್‌ವರ್ಡ್ ಕೇಳಿ ಲಾಕ್ ಆಗಬಹುದು, ಅಂಗಡಿಯವರು ಅದನ್ನು ಹಿಂದಕ್ಕೆ ಪಡೆಯಲು ಒಪ್ಪುವುದಿಲ್ಲ. ದೋಷ ತೋರಿಸಿದರೂ ಬದಲಿ ಕೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಬಿಲ್ಲು, ಐಎಂಇಐ ಮತ್ತು ದೋಷದ ವಿಡಿಯೊ ಕೈಯಲ್ಲಿರಲಿ.