ಬಂಗುಡೆ ಸಾರು: ಮೊದಲು ಮಸಾಲೆ ಬೇಯಲಿ

ಕರಾವಳಿಯ ಬಂಗುಡೆ ಸಾರು ಕಷ್ಟದ ಅಡುಗೆಯಲ್ಲ. ಮೀನನ್ನು ಯಾವಾಗ ಹಾಕಬೇಕು ಎಂದು ಗೊತ್ತಿದ್ದರೆ ಸಾಕು. ಹುಣಸೆ, ಕಾಯಿಯ ಹಸಿವಾಸನೆ ಹೋಗುವ ಮೊದಲೇ ಹಾಕಿದರೆ ಮಸಾಲೆ ಬೇಯುವಷ್ಟರಲ್ಲಿ ಮೀನು ಪುಡಿಯಾಗುತ್ತದೆ.

ಮಧ್ಯಮ ಗಾತ್ರದ 4 ಬಂಗುಡೆ ತನ್ನಿ. ಕಣ್ಣು ಹೊಳೆಯಬೇಕು, ಕಿವಿರು ಕೆಂಪಗಿರಬೇಕು, ಬೆರಳಲ್ಲಿ ಒತ್ತಿದರೆ ಗುಳಿ ಉಳಿಯಬಾರದು. ಮನೆಗೆ ತಂದ ಕೂಡಲೇ ತಣ್ಣಗಿಡಿ. ಸೆಕೆಯಲ್ಲಿ ಹೊರಗೆ ಬಿಟ್ಟ ಬಂಗುಡೆಯಲ್ಲಿ ಹಿಸ್ಟಮಿನ್ ಎಂಬ ವಿಷಾಂಶ ಹೆಚ್ಚುತ್ತದೆ. ಅದು ಎಷ್ಟು ಕುದಿಸಿದರೂ ಹೋಗುವುದಿಲ್ಲ, ಅಲರ್ಜಿಯಂತೆ ಮೈಮೇಲೆ ತುರಿಕೆ ಬರಬಹುದು. ತೊಳೆದು ಕತ್ತರಿಸಿದ ತುಂಡುಗಳಿಗೆ ಉಪ್ಪು, ಅರಿಶಿನ ಸವರಿ ಪಕ್ಕಕ್ಕಿಡಿ.

ಈಗ ಮಸಾಲೆ. ಸಾರಿನ ರುಚಿಯೆಲ್ಲ ಇರುವುದು ಇಲ್ಲೇ, ಸುಮ್ನೆ ಅವಸರ ಮಾಡಬೇಡಿ. 10 ಬ್ಯಾಡಗಿ ಮೆಣಸು, 2 ದೊಡ್ಡ ಚಮಚ ಕೊತ್ತಂಬರಿ ಬೀಜ, 1 ಚಿಕ್ಕ ಚಮಚ ಜೀರಿಗೆ, ಅರ್ಧ ಚಮಚ ಕಾಳುಮೆಣಸು, ಕಾಲು ಚಮಚ ಮೆಂತ್ಯೆ. ಇವನ್ನು ಸಣ್ಣ ಉರಿಯಲ್ಲಿ ಬೇರೆ ಬೇರೆಯಾಗಿ ಹುರಿಯಿರಿ. ಒಟ್ಟಿಗೆ ಹಾಕಿದರೆ ಕೊತ್ತಂಬರಿ ಹುರಿಯುವಷ್ಟರಲ್ಲಿ ಜೀರಿಗೆ ಕರಟುತ್ತದೆ. ಮೆಂತ್ಯೆ ಜಾಸ್ತಿಯಾದರೂ ಕಹಿ, ಕಪ್ಪಾದರೂ ಕಹಿ. ಬಣ್ಣ ಚೆನ್ನಾಗಿ ಬರಬೇಕು, ಖಾರ ಹದವಾಗಿರಬೇಕು ಅಂದರೆ ಬ್ಯಾಡಗಿಯೇ ಸರಿ.

ಹುರಿದದ್ದಕ್ಕೆ 1 ಬಟ್ಟಲು ಹಸಿ ತೆಂಗಿನತುರಿ, 5 ಎಸಳು ಬೆಳ್ಳುಳ್ಳಿ, ಅರ್ಧ ಈರುಳ್ಳಿ, ನಿಂಬೆ ಗಾತ್ರದ ಹುಣಸೆ ಸೇರಿಸಿ ನೀರು ಹಾಕುತ್ತಾ ನುಣ್ಣಗೆ ಅರೆಯಿರಿ. ಬೆರಳಿಗೆ ತರಿ ಸಿಗಬಾರದು. ತರಿ ಉಳಿದರೆ ಸಾರಿನಲ್ಲಿ ನೀರು ಬೇರೆ, ಕಾಯಿ ಬೇರೆ ಆಗುತ್ತದೆ.

ಮಣ್ಣಿನ ಪಾತ್ರೆ ಇದ್ದರೆ ಅದೇ ಒಳ್ಳೆಯದು. ಇಲ್ಲದಿದ್ದರೆ ಅಗಲವಾದ ಪಾತ್ರೆ ಸಾಕು, ತುಂಡುಗಳು ಒಂದರ ಮೇಲೊಂದು ಬೀಳಬಾರದು ಅಷ್ಟೇ. ಅರೆದ ಮಸಾಲೆ, ಬೇಕಾದಷ್ಟು ನೀರು, ಜಜ್ಜಿದ ಶುಂಠಿ, ಸೀಳಿದ ಹಸಿಮೆಣಸು ಹಾಕಿ 10 ನಿಮಿಷ ಕುದಿಸಿ. ಹಸಿವಾಸನೆ ಹೋಯಿತಾ ನೋಡಿ. ಮೀನಿಗೆ ಉಪ್ಪು ಹಚ್ಚಿದ್ದೀರಿ, ಅಲ್ವಾ? ಸಾರಿಗೆ ಉಪ್ಪು ಹಾಕುವಾಗ ಅದು ನೆನಪಿರಲಿ.

ಇನ್ನು ಮೀನನ್ನು ಸಾರಿಗೆ ಹಾಕಿ. ಉರಿ ತಗ್ಗಿಸಿ 6ರಿಂದ 8 ನಿಮಿಷ ಬೇಯಿಸಿ. ಸೌಟು ಹಾಕಲೇಬೇಡಿ, ಪಾತ್ರೆಯನ್ನು ಬಟ್ಟೆಯಲ್ಲಿ ಹಿಡಿದು ಮೆಲ್ಲಗೆ ತಿರುಗಿಸಿ. ಮಾಂಸ ಬೆಳ್ಳಗಾಗಿ ಮುಳ್ಳಿನಿಂದ ಸುಲಭವಾಗಿ ಬಿಟ್ಟರೆ ಬೆಂದಿದೆ. ಒಂದು ಚಮಚ ಹಸಿ ತೆಂಗಿನೆಣ್ಣೆ ಹಾಕಿ ಮುಚ್ಚಿಡಿ.

ಅರ್ಧ ಗಂಟೆ ಬಿಟ್ಟರೆ ಹುಳಿ, ಖಾರ ಮೀನಿನೊಳಗೆ ಇಳಿಯುತ್ತದೆ. ಆಮೇಲೆ ಬಿಸಿ ಕುಚ್ಚಲಕ್ಕಿ ಅನ್ನಕ್ಕೆ ಬಡಿಸಿ.