ವೈಫೈ ಗುರುತು ಒತ್ತಿ ಆಫ್ ಮಾಡಿದರೆ ಸಾಲದು

ಪರದೆ ಕೆಳಗೆಳೆದು ವೈಫೈ ಗುರುತನ್ನು ಒತ್ತಿ, ಇನ್ನು ತಮ್ಮ ಜಾಡು ಯಾರಿಗೂ ಸಿಗದು ಎಂದು ನಿಶ್ಚಿಂತರಾಗುವವರನ್ನು ಬಹಳ ನೋಡಿದ್ದೇನೆ. ಐಫೋನಿನ ಕಂಟ್ರೋಲ್ ಸೆಂಟರ್‌ನಲ್ಲಿ ಹಾಗೆ ಮಾಡಿದರೆ ಸಂಪರ್ಕ ಕಡಿಯುತ್ತದೆಯೇ ಹೊರತು ವೈಫೈ ಆರುವುದಿಲ್ಲ. ಮರುದಿನ ತಾನಾಗಿಯೇ ಮತ್ತೆ ಸೇರಿಕೊಳ್ಳುತ್ತದೆ. ಆಂಡ್ರಾಯ್ಡ್‌ನಲ್ಲಂತೂ ವೈಫೈ ಆಫ್ ಇದ್ದಾಗಲೂ ಸುತ್ತಲಿನ ರೂಟರ್‌ಗಳನ್ನು ಹುಡುಕುವ ಕೆಲಸ ನಡೆದೇ ಇರಬಹುದು.

ಮೊದಲು ಅದನ್ನು ನಿಲ್ಲಿಸಿ. ಐಫೋನ್ ಆದರೆ ಸೆಟ್ಟಿಂಗ್ಸ್‌ಗೆ ಹೋಗಿಯೇ ವೈಫೈ ಆಫ್ ಮಾಡಿ. ಆಂಡ್ರಾಯ್ಡ್ ಆದರೆ ಲೊಕೇಶನ್ ವಿಭಾಗದಲ್ಲಿ ‘ವೈಫೈ ಸ್ಕ್ಯಾನಿಂಗ್’, ‘ಬ್ಲೂಟೂತ್ ಸ್ಕ್ಯಾನಿಂಗ್’ ಎರಡನ್ನೂ ಆಫ್ ಮಾಡಿ.

ಎರಡನೆಯದು, ಎಂದೋ ಒಮ್ಮೆ ಬಳಸಿದ ನೆಟ್‌ವರ್ಕ್‌ಗಳನ್ನೆಲ್ಲ ‘ಫರ್ಗೆಟ್’ ಮಾಡಿ, ಅಂದರೆ ಫೋನಿನ ನೆನಪಿನಿಂದ ಅಳಿಸಿ.

ಹೆಚ್ಚಿನವರು ಎಡವುವುದು ಮೂರನೆಯ ಹಂತದಲ್ಲಿ. ಪ್ರತಿ ಫೋನಿನ ವೈಫೈಗೂ ಕಾರ್ಖಾನೆಯಲ್ಲೇ 12 ಅಂಕಿ-ಅಕ್ಷರಗಳ ಗುರುತು ಸಂಖ್ಯೆ, ಅಂದರೆ ಮ್ಯಾಕ್ ವಿಳಾಸ, ಕೊಟ್ಟಿರುತ್ತಾರೆ. ಮೊದಲ ಆರು ನೋಡಿದರೆ ತಯಾರಕರು ಯಾರೆಂದು ತಿಳಿಯುತ್ತದೆ. ಫೋನು ಹೊರಡಿಸುವ ವೈಫೈ ಸಂಕೇತದಲ್ಲಿ ಈ ವಿಳಾಸ ಇರುತ್ತದೆ. ಅದನ್ನು ಹಿಡಿಯಲು ನಾಲ್ಕು ಕಡೆ ರಿಸೀವರ್ ಇಟ್ಟವರಿಗೆ ಒಂದೇ ವಿಳಾಸ ನಾಲ್ಕೂ ಕಡೆ ಸಿಕ್ಕರೆ, ನೀವು ನಡೆದ ದಾರಿ ಸಿಕ್ಕಂತೆಯೇ. ಇದನ್ನು ತಪ್ಪಿಸಲೆಂದೇ 2019ರ ಆಂಡ್ರಾಯ್ಡ್ 10, 2020ರ ಐಓಎಸ್ 14 ಒಂದೊಂದು ನೆಟ್‌ವರ್ಕ್‌ಗೂ ಒಂದೊಂದು ಸುಳ್ಳು ವಿಳಾಸ ತೋರಿಸತೊಡಗಿದವು. ಆದರೆ ಈ ಸೆಟ್ಟಿಂಗ್ ಪ್ರತಿ ನೆಟ್‌ವರ್ಕ್‌ಗೂ ಬೇರೆ ಬೇರೆ. ಮನೆಯದೊಂದನ್ನು ನೋಡಿ ಕೈತೊಳೆದುಕೊಳ್ಳಬೇಡಿ. ಆಂಡ್ರಾಯ್ಡ್‌ನಲ್ಲಿ ನೆಟ್‌ವರ್ಕ್ ಹೆಸರಿನ ಪಕ್ಕದ ಚಕ್ರ ಒತ್ತಿ, ಪ್ರೈವಸಿಯಲ್ಲಿ ‘ರ್‍ಯಾಂಡಮೈಸ್ಡ್ ಮ್ಯಾಕ್’ ಆರಿಸಿ. ಐಫೋನಿನಲ್ಲಿ ‘ಪ್ರೈವೇಟ್ ವೈಫೈ ಅಡ್ರೆಸ್’ ನೋಡಿ. ಹೊಸ ಆವೃತ್ತಿಯಲ್ಲಿ ‘ರೊಟೇಟಿಂಗ್’ ಎಂಬ ಆಯ್ಕೆಯಿದೆ, ಹೊರಗಿನ ನೆಟ್‌ವರ್ಕ್‌ಗಳಿಗೆಲ್ಲ ಅದನ್ನೇ ಇಡಿ.

ಬದಲಾಯಿತೇ ಎಂದು ಪರೀಕ್ಷಿಸದೆ ಬಿಡಬೇಡಿ. ಸಂಪರ್ಕ ಕಡಿದು ಮತ್ತೆ ಸೇರಿಸಿ, ಅದೇ ಪುಟದಲ್ಲಿ ವಿಳಾಸದ ಎರಡನೇ ಸ್ಥಾನ ನೋಡಿ. ಅಲ್ಲಿ 2, 6, ಇಂಗ್ಲಿಷಿನ ಎ (A), ಇ (E) ಇವುಗಳಲ್ಲಿ ಒಂದಿದ್ದರೆ ಅದು ಸುಳ್ಳು ವಿಳಾಸ, ಒಳ್ಳೆಯದು. ‘ಡಿಎ’ (DA) ಎಂದು ಶುರುವಾದರೆ ಸರಿ. ‘ಎಸಿ’ (AC) ಎಂದು ಶುರುವಾದರೆ ಕಾರ್ಖಾನೆಯ ವಿಳಾಸವೇ ಹೊರಗೆ ಹೋಗುತ್ತಿದೆ.

ವಿಪಿಎನ್ (ಇಂಟರ್ನೆಟ್ ಸಂಪರ್ಕವನ್ನು ಗುಪ್ತವಾಗಿ ಸಾಗಿಸುವ ಸೇವೆ) ಹಾಕಿದ್ದೇನೆ, ಇದೆಲ್ಲ ಏಕೆ ಎನ್ನುವವರಿಗೆ: ವಿಪಿಎನ್ ಮುಚ್ಚುವುದು ಇಂಟರ್ನೆಟ್ ದಟ್ಟಣೆಯನ್ನು, ಮ್ಯಾಕ್ ವಿಳಾಸವನ್ನಲ್ಲ. ಒಂದೇ ಒತ್ತಿನಲ್ಲಿ ಪೂರ್ಣ ಗೋಪ್ಯತೆ ಎನ್ನುವ ಆಪ್‌ಗಳನ್ನು ಹತ್ತಿರ ಸೇರಿಸಬೇಡಿ. ಸಾಮಾನ್ಯ ಫೋನಿನಲ್ಲಿ ಮ್ಯಾಕ್ ವಿಳಾಸ ಬದಲಿಸುವ ಅಧಿಕಾರ ಆಪ್‌ಗಳಿಗೆ ಇಲ್ಲವೇ ಇಲ್ಲ.

ಇನ್ನು ರೂಟರ್. ನೆಟ್‌ವರ್ಕ್ ಹೆಸರನ್ನು ಮರೆಮಾಡುವುದು ಜಾಣತನ ಎಂದು ಬಹಳ ಮಂದಿ ನಂಬಿದ್ದಾರೆ. ದಯವಿಟ್ಟು ಮಾಡಬೇಡಿ. ರೂಟರ್ ಸುಮ್ಮನಾದರೆ ಅದನ್ನು ಹುಡುಕಲು ಫೋನೇ ಆ ಹೆಸರು ಹಿಡಿದು ಕೂಗಬೇಕಾಗುತ್ತದೆ, ನೀವು ಮನೆಯಿಂದ ಎಷ್ಟೇ ದೂರವಿದ್ದರೂ. ಮನೆಯಲ್ಲಿ ಮುಚ್ಚಿಟ್ಟ ಹೆಸರು ಹೀಗೆ ದಾರಿಯುದ್ದಕ್ಕೂ ಬಯಲಾಗುತ್ತದೆ. ಹೆಸರು ಕಾಣುವಂತೆಯೇ ಇರಲಿ, ರೂಟರಿನ ಭದ್ರತಾ ವಿಧಾನವಾಗಿ ಡಬ್ಲ್ಯುಪಿಎ3 ಆರಿಸಿ, ಇಲ್ಲದಿದ್ದರೆ ಡಬ್ಲ್ಯುಪಿಎ2.

ನಿಮ್ಮ ರೂಟರನ್ನೇ ಗುರುತುಕಲ್ಲಾಗಿಸಿ ಇತರರ ಸ್ಥಳ ಲೆಕ್ಕ ಹಾಕುವುದು ಬೇಡವೆಂದರೆ, ನೆಟ್‌ವರ್ಕ್ ಹೆಸರಿನ ಕೊನೆಗೆ ಒಂದು ಅಂಡರ್‌ಸ್ಕೋರ್, ಅದಕ್ಕೆ ಅಂಟಿಸಿ ‘ನೋಮ್ಯಾಪ್’ ಎಂದು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ (_nomap) ಸೇರಿಸಿ. ಹಾಗಿದ್ದ ರೂಟರನ್ನು ಗೂಗಲ್ ತನ್ನ ಸ್ಥಳ ಸೇವೆಗೆ ಬಳಸುವುದಿಲ್ಲ. ಹೆಸರು ಬದಲಿಸಿದ ಮೇಲೆ ಮನೆಯ ಪ್ರತಿ ಫೋನು, ಲ್ಯಾಪ್‌ಟಾಪ್, ಟಿವಿಯಿಂದ ಹಳೆಯ ಹೆಸರನ್ನು ಅಳಿಸಿ, ಹೊಸದಕ್ಕೆ ಸೇರಿಸಿ, ಮ್ಯಾಕ್ ವಿಳಾಸದ ಎರಡನೇ ಸ್ಥಾನವನ್ನು ಇನ್ನೊಮ್ಮೆ ನೋಡಿ.