ಮೃಗಶಿರಕ್ಕೆ ಮೊದಲು: ಪಾಲಿಹೌಸ್ ಮತ್ತು ತರಕಾರಿ ಮಡಿ ಸಜ್ಜು ಮಾಡುವ ಕ್ರಮ

ಮೇ ಕೊನೆಗೆ ನರ್ಸರಿಯಿಂದ ಸಸಿ ತಂದು ಆಮೇಲೆ ಮಣ್ಣಿನ ಕಡೆ ಕಣ್ಣು ಹಾಯಿಸುವುದು ದುರ್ಗ, ದಾವಣಗೆರೆ ಕಡೆಯ ರೂಢಿ. ಕ್ರಮ ಉಲ್ಟಾ ಇರಬೇಕು. ಮಣ್ಣಿಗೆ ಆರು ವಾರ ಬೇಕು, ಡ್ರಿಪ್ಪಿಗೆ ಎರಡು ದಿನ ಸಾಕು, ಪಾಲಿಹೌಸಿನ ಮಾಡಿಗೆ ಹೊದಿಸುವ ಪ್ಲಾಸ್ಟಿಕ್ ಶೀಟಿಗೆ ಒಂದು ದಿನ. ಮೃಗಶಿರ ಮಳೆ ಹುಟ್ಟುವುದು ಜೂನ್ 7–8ರ ಹೊತ್ತಿಗೆ. ಅಲ್ಲಿಂದ ಹಿಂದಕ್ಕೆ ಎಣಿಸಿದರೆ ಮಣ್ಣಿನ ಕೆಲಸ ಏಪ್ರಿಲ್ ಮಧ್ಯಕ್ಕೇ ಶುರುವಾಗಬೇಕು. ಇಲ್ಲಿನ ಲೆಕ್ಕವೆಲ್ಲ ಎರಡು ಗುಂಟೆ, ಅಂದರೆ ಸುಮಾರು 200 ಚದರ ಮೀಟರ್ ಪಾಲಿಹೌಸಿಗೆ ಹಾಕಿದ್ದು. ಅದರ ಪಕ್ಕದ ಬಯಲು ಮಡಿಗಳಿಗೂ ಹೆಚ್ಚುಕಡಿಮೆ ಇದೇ ದಾರಿ.

ಮೊದಲು ಹಳೇ ಬೆಳೆಯ ಬೇರು ನೋಡಿ

ಹಿಂದಿನ ಗಿಡಗಳನ್ನು ಕತ್ತರಿಸಬೇಡಿ, ಬೇರು ಸಮೇತ ಕೀಳಿ. ಟೊಮೆಟೊ, ಸೌತೆ, ದಪ್ಪ ಮೆಣಸಿನಕಾಯಿಯ ಬೇರಲ್ಲಿ ಮಣಿ ಪೋಣಿಸಿದಂತೆ ಗಂಟು ಕಂಡರೆ ಅದು ಬೇರುಗಂಟು ಜಂತುಹುಳು (ನೆಮಟೋಡ್), ಮಣ್ಣಲ್ಲಿರುವ ಕಣ್ಣಿಗೆ ಕಾಣದ ಹುಳು. ಬೀನ್ಸ್, ಅವರೆಯ ಬೇರಲ್ಲೂ ಗಂಟು ಇರುತ್ತದೆ, ಆದರೆ ಅದು ಸಾರಜನಕ ಹಿಡಿಯುವ ಒಳ್ಳೇ ಗಂಟು. ಉಗುರಿನಿಂದ ಎಬ್ಬಿಸಿದರೆ ಅದು ಕಳಚಿ ಬರುತ್ತದೆ, ಜಂತುಹುಳುವಿನದು ಬರುವುದಿಲ್ಲ, ಏಕೆಂದರೆ ಅಲ್ಲಿ ಬೇರು ತಾನೇ ಊದಿಕೊಂಡಿರುತ್ತದೆ. ಗಂಟು ಇರುವ ಬೇರನ್ನು ತಿಪ್ಪೆಗೆ ಹಾಕಿದರೆ ಮುಂದಿನ ವರ್ಷ ಅದೇ ಗೊಬ್ಬರದ ಜೊತೆ ವಾಪಸ್ ಬರುತ್ತದೆ. ಒಣಗಿಸಿ ಸುಡಿ.

ಇದೇ ಹೊತ್ತಿಗೆ ಮಣ್ಣಿನ ಮಾದರಿ ತೆಗೆಯಿರಿ. ಎಂಟು–ಹತ್ತು ಕಡೆ 15 ಸೆಂ.ಮೀ. ಆಳಕ್ಕೆ ಇಂಗ್ಲಿಷಿನ ವಿ ಆಕಾರದಲ್ಲಿ ಗುಂಡಿ ತೋಡಿ, ಪಕ್ಕದಿಂದ ಒಂದು ಪದರ ಕೆರೆದು ಬೆರೆಸಿ, ಅರ್ಧ ಕೆಜಿ ಉಳಿಸಿಕೊಂಡು ನೆರಳಲ್ಲಿ ಒಣಗಿಸಿ. ಚಿತ್ರದುರ್ಗ ಜಿಲ್ಲೆಯವರಿಗೆ ಹಿರಿಯೂರಿನ ಬಬ್ಬೂರು ಫಾರಂನ ಕೃಷಿ ವಿಜ್ಞಾನ ಕೇಂದ್ರ ಇದೆ, ದಾವಣಗೆರೆಯವರಿಗೆ ತರಳಬಾಳು ಕೃಷಿ ವಿಜ್ಞಾನ ಕೇಂದ್ರ. ಬೋರ್ ನೀರನ್ನೂ ಒಂದು ಲೀಟರ್ ಬಾಟಲಿಯಲ್ಲಿ ಜೊತೆಗೇ ಒಯ್ಯಿರಿ. ಮೋಟಾರ್ ಹಾಕಿದ ಹತ್ತು ನಿಮಿಷದ ನಂತರ ಹಿಡಿದ ನೀರಾಗಿರಲಿ.

ಬಿಸಿಲಿಗೆ ಮಣ್ಣು ಬೇಯಿಸುವುದು

ಏಪ್ರಿಲ್–ಮೇ ಬಿಸಿಲಿಗಿಂತ ಅಗ್ಗದ ಔಷಧಿ ಇನ್ನೊಂದಿಲ್ಲ. ಆದರೂ ಆ ಎರಡು ತಿಂಗಳು ಪಾಲಿಹೌಸನ್ನು ಖಾಲಿ ಬಿಟ್ಟು, ಜೂನಲ್ಲಿ ಔಷಧಿ ಅಂಗಡಿಯ ಮುಂದೆ ನಿಲ್ಲುವವರೇ ಹೆಚ್ಚು.

ಒದ್ದೆ ಮಡಿಗೆ ಪಾರದರ್ಶಕ ಶೀಟ್ ಹೊದಿಸಿ, ಬಿಸಿಲಿನ ಶಾಖದಿಂದ ಕಳೆ ಬೀಜ, ಜಂತುಹುಳು ಕೊಲ್ಲುವ ಕೆಲಸ ಇದು. ಗೊಬ್ಬರ ಬೆರೆಸಿ ಮಡಿ ಕಟ್ಟುವ ಕೆಲಸ ಶೀಟ್ ಹೊದಿಸುವ ಮೊದಲೇ ಮುಗಿಯಬೇಕು. ಬೆಂದ ಮಣ್ಣನ್ನು ಆಮೇಲೆ ಆಳವಾಗಿ ಅಗೆದರೆ ಕೆಳಗೆ ಬದುಕುಳಿದ ಕಳೆ ಬೀಜ, ಜಂತುಹುಳು ಮೇಲೆ ಬಂದು ಆರು ವಾರದ ಕೆಲಸ ನೀರು ಪಾಲಾಗುತ್ತದೆ. ಮಡಿಯ ಅಗಲ 90 ಸೆಂ.ಮೀ., ಎತ್ತರ 30 ಸೆಂ.ಮೀ., ನಡುವೆ ಅರ್ಧ ಮೀಟರ್ ಓಡಾಡುವ ಜಾಗ. ಹತ್ತು ಮೀಟರ್ ಉದ್ದದ ಮಡಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ 50 ಕೆಜಿ, ಬೇವಿನ ಹಿಂಡಿ 2 ಕೆಜಿ. ಹೆಂಟೆ ಉಳಿಯದಂತೆ ಪುಡಿ ಮಾಡಿ. ಹೆಂಟೆಯ ಮೇಲೆ ಶೀಟ್ ಎತ್ತಿಕೊಂಡು ನಿಂತರೆ ಅಲ್ಲಿ ಗಾಳಿ ಸೇರಿ ಶಾಖ ಮಣ್ಣಿಗೆ ಇಳಿಯುವುದಿಲ್ಲ.

ನಂತರ 20 ಸೆಂ.ಮೀ. ಆಳದವರೆಗೆ ನೆನೆಯುವಂತೆ ನೀರು ಕೊಡಿ. ಒಣಮಣ್ಣಿನಲ್ಲಿ ಶಾಖ ಇಳಿಯದು, ಒಣಗಿ ಮಲಗಿದ ಬೀಜ, ಮೊಟ್ಟೆಗಳು ಸಾಯುವುದೂ ಇಲ್ಲ. ಮಾರನೇ ದಿನ 25ರಿಂದ 50 ಮೈಕ್ರಾನ್‌ನ ಪಾರದರ್ಶಕ ಶೀಟ್ ಎಳೆದು ಹೊದಿಸಿ, ಅಂಚನ್ನು 15 ಸೆಂ.ಮೀ. ಮಣ್ಣಲ್ಲಿ ಹೂಳಿ. ಕಪ್ಪು ಮಲ್ಚಿಂಗ್ ಶೀಟ್ ಬೇಡ. ಅದು ತಾನೇ ಕಾಯುತ್ತದೆ, ಮಣ್ಣನ್ನು ಅಷ್ಟು ಕಾಯಿಸುವುದಿಲ್ಲ. ಮಾಡಿನಿಂದ ಇಳಿಸಿದ ಹಳೇ ಶೀಟೂ ಮಬ್ಬಾಗಿದ್ದರೆ ಉಪಯೋಗವಿಲ್ಲ. ಪಾಲಿಹೌಸಿನ ಪಕ್ಕದ ಪರದೆಗಳನ್ನು ಮುಚ್ಚಿ, ನಾಲ್ಕರಿಂದ ಆರು ವಾರ ಬಿಡಿ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅನ್ನುತ್ತಾರೆ. ಬೆಳೆಗೆ ಅದು ಸರಿ, ಆದರೆ ಬಯಲು ಮಡಿಯ ಶೀಟಿನ ಮೇಲೆ ನಿಂತ ಭರಣಿ ನೀರು ಮಣ್ಣನ್ನು ತಣ್ಣಗೆ ಮಾಡುತ್ತದೆ. ಮಳೆ ನಿಂತ ಕೂಡಲೇ ಪೊರಕೆಯಿಂದ ತಳ್ಳಿಬಿಡಿ.

ಇದರಿಂದ ಜಂತುಹುಳು ನಿರ್ನಾಮ ಆಗುತ್ತದೆಂದು ತಿಳಿಯಬೇಡಿ. ಒಂದು ಗೇಣಿನಿಂದ ಕೆಳಗಿರುವುದು ಉಳಿಯುತ್ತದೆ. ಹಾಗಾಗಿ ಗಂಟು ಕಂಡ ಮಡಿಗೆ ಈ ಸಲ ಟೊಮೆಟೊ, ಸೌತೆ ಹಾಕದೆ ಚೆಂಡುಹೂವೋ ಈರುಳ್ಳಿಯೋ ಹಾಕುವುದು ಲೇಸು.

ಶೀಟ್ ತೆಗೆದ ಮೇಲೆ ಟ್ರೈಕೋಡರ್ಮಾ (ರೋಗದ ಶಿಲೀಂಧ್ರಗಳನ್ನು ಹತ್ತಿಕ್ಕುವ ಒಳ್ಳೇ ಶಿಲೀಂಧ್ರ) ಕೊಡಬೇಕು, ಮೊದಲಲ್ಲ. ಮೊದಲೇ ಕೊಟ್ಟರೆ ಅದೂ ಬೇಯುತ್ತದೆ. ಅದನ್ನು ಮೇ ಮಧ್ಯಕ್ಕೇ ತಯಾರಿಗೆ ಇಡಿ. 100 ಕೆಜಿ ಕೊಟ್ಟಿಗೆ ಗೊಬ್ಬರಕ್ಕೆ 1 ಕೆಜಿ ಟ್ರೈಕೋಡರ್ಮಾ ಪುಡಿ ಬೆರೆಸಿ, ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಿ ನೀರು ಸುರಿಯದಷ್ಟು ತೇವ ಮಾಡಿ, ನೆರಳಲ್ಲಿ ಗೋಣಿಚೀಲ ಹೊದಿಸಿ 15 ದಿನ ಬಿಡಬೇಕು. ವಾರಕ್ಕೊಮ್ಮೆ ತಿರುವಿ. ನಾಟಿಗೆ ಮುಂಚೆ ಮಡಿಯ ಮೇಲ್ಪದರಕ್ಕಷ್ಟೇ ಕೈಯಾಡಿಸಿ ಬೆರೆಸಿದರೆ ಸಾಕು.

ಸವಳು ನೀರು ಮತ್ತು ಡ್ರಿಪ್

ಮಣ್ಣು ಬೇಯುತ್ತಿರುವಾಗ ಡ್ರಿಪ್ ಲ್ಯಾಟರಲ್‌ಗಳು (ಮಡಿಯುದ್ದಕ್ಕೂ ಹನಿ ಬಿಡುವ ಸಣ್ಣ ಪೈಪುಗಳು) ಹೊರಗಿರಲಿ. ಹನಿ ಬೀಳುವ ತೂತಿನ ಸುತ್ತ ಬಿಳಿ ಕಲೆ ಕಟ್ಟಿದ್ದು ಸುಣ್ಣ. ಒಂದು ಹನಿ ಆಸಿಡ್ ಹಾಕಿದರೆ ನೊರೆ ಬರುತ್ತದೆ. ಪರೀಕ್ಷೆ ಸುಲಭ: ಗಂಟೆಗೆ 4 ಲೀಟರಿನ ಡ್ರಿಪ್ಪರ್ ಮೂರು ನಿಮಿಷಕ್ಕೆ 200 ಮಿ.ಲೀ. ನೀರು ಕೊಡಬೇಕು. ಸಾಲಿನ ತಲೆ, ನಡು, ಬಾಲ ಮೂರೂ ಕಡೆ ಲೋಟ ಇಟ್ಟು ಅಳೆಯಿರಿ. 160ಕ್ಕಿಂತ ಕಡಿಮೆ ಬಂದರೆ ತೊಳೆಯಲೇಬೇಕು. ಬಾಲದಲ್ಲಿ ಮಾತ್ರ ಕಡಿಮೆಯಿದ್ದರೆ ಸುಣ್ಣಕ್ಕಿಂತ ಒತ್ತಡದ ಮೇಲೆ ಅನುಮಾನ ಪಡಿ. ಫಿಲ್ಟರ್ ಬಿಚ್ಚಿ ನೋಡಿ.

ತೊಳೆಯಲು ಹೈಡ್ರೋಕ್ಲೋರಿಕ್ ಆಸಿಡ್. ಹತ್ತು ಲೀಟರ್ ಬೋರ್ ನೀರಿಗೆ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಸ್ವಲ್ಪಸ್ವಲ್ಪವೇ ಆಸಿಡ್ ಸೇರಿಸುತ್ತಾ ಪಿಎಚ್ ಕಾಗದ (ನೀರಿನ ಹುಳಿ ಅಳೆಯುವ ಪಟ್ಟಿ) 4 ತೋರಿಸುವವರೆಗೆ ಎಷ್ಟು ಬೇಕಾಯಿತೆಂದು ಬರೆದುಕೊಳ್ಳಿ. ಒಬ್ಬೊಬ್ಬರ ಬೋರಿಗೆ ಒಂದೊಂದು ಲೆಕ್ಕ, ಪಕ್ಕದ ಹೊಲದವರ ಅಳತೆ ನಿಮಗೆ ಹೊಂದದು. ನೀರಿಗೆ ಆಸಿಡ್ ಹಾಕಬೇಕೇ ಹೊರತು ಆಸಿಡ್‌ಗೆ ನೀರು ಸುರಿಯಬಾರದು, ಸಿಡಿಯುತ್ತದೆ. ಕೈಗವಸು, ಕನ್ನಡಕ ಕಡ್ಡಾಯ. ಅದೇ ಪ್ರಮಾಣದ ನೀರನ್ನು ಪೈಪಿನ ಕೊನೆಯವರೆಗೂ ತುಂಬಿಸಿ, ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ತುದಿ ಬಿಚ್ಚಿ ತಿಳಿನೀರು ಬರುವವರೆಗೆ ಹರಿಸಿ. ಲ್ಯಾಟರಲ್ ಮಡಿಯ ಮೇಲಿರುವಾಗ ಇದನ್ನು ಮಾಡಬೇಡಿ.

ನೀರಿನ ವರದಿಯಲ್ಲಿ ಇಸಿ (ನೀರಿನ ಉಪ್ಪಿನ ಅಳತೆ) 1 ದಾಟಿದ್ದರೆ ಬೀನ್ಸ್ ಸೊರಗಲು ಶುರು, ದಪ್ಪ ಮೆಣಸಿನಕಾಯಿಗೂ ಕಷ್ಟ. ಟೊಮೆಟೊ ಇನ್ನಷ್ಟು ತಡೆಯುತ್ತದೆ, ಬೀಟ್‌ರೂಟ್ ಇವೆಲ್ಲಕ್ಕಿಂತ ಗಟ್ಟಿ. ಇದಕ್ಕೆ ಮದ್ದು ಮಾಡಿನ ಮೇಲೇ ಬೀಳುತ್ತದೆ. ಎರಡು ಗುಂಟೆ ಮಾಡಿನ ಮೇಲೆ ಒಂದು ಸೆಂ.ಮೀ. ಮಳೆ ಬಿದ್ದರೆ 2,000 ಲೀಟರ್ ಸಿಹಿನೀರು. ಗಟರ್ ಹಾಕಿ ತೊಟ್ಟಿಗೆ ಇಳಿಸಿ ಬೋರ್ ನೀರಿಗೆ ಸಮಸಮ ಬೆರೆಸಿದರೆ ಸವಳು ಸುಮಾರು ಅರ್ಧಕ್ಕೆ ಇಳಿಯುತ್ತದೆ. ಮೇಲಿನ ಹೊಂಡ ತುಂಬಿ ಚೆಲ್ಲಿದ ನೀರು ಕೆಳಗಿನ ಹೊಂಡಕ್ಕೆ ಸೇರುವ ಏರ್ಪಾಟು ಮಾಡಿದ ಚಿತ್ರದುರ್ಗದ ಕೋಟೆಯ ಊರಿನವರಿಗೆ ಇದನ್ನು ಹೆಚ್ಚು ಹೇಳಬೇಕಿಲ್ಲ. ಮೊದಲ ಮಳೆಯ ಧೂಳುನೀರನ್ನು ಮಾತ್ರ ಹೊರಗೆ ಬಿಡಿ.

ಮಾಡು, ಪರದೆ, ಗಾಳಿ

ಜೋಗಿಮಟ್ಟಿ ಕಡೆ ಗುಡ್ಡದ ಸಾಲಿನಲ್ಲಿ ಗಾಳಿಯಂತ್ರ ಸುಮ್ಮನೆ ನಿಲ್ಲಿಸಿಲ್ಲ. ಜೂನಿಂದ ಆಗಸ್ಟ್‌ವರೆಗಿನ ಪಡುವಣ ಗಾಳಿಗೆ ಬಿಗಿಯಾಗಿರುವ ಶೀಟ್ ಹರಿಯುವುದು ಅಪರೂಪ. ಪಟಪಟ ಬಡಿಯುವ ಶೀಟೇ ಹರಿಯುವುದು. ಬೆಳಗಿನ ತಂಪಿನಲ್ಲಿ ಅಲ್ಯೂಮಿನಿಯಂ ಪಟ್ಟಿಯ ಜಿಗ್‌ಜಾಗ್ ಸ್ಪ್ರಿಂಗ್ ಬಿಚ್ಚಿ, ಶೀಟ್ ಎಳೆದು ಮತ್ತೆ ಕೂರಿಸಿ. ತುಕ್ಕು ಹಿಡಿದ ಸ್ಪ್ರಿಂಗ್ ಶೀಟನ್ನೇ ಕೊಯ್ಯುತ್ತದೆ, ಬದಲಿಸಿ. ಕಾದ ಜಿಐ (ಸತು ಲೇಪಿಸಿದ ಕಬ್ಬಿಣ) ಪೈಪಿಗೆ ಒರಗಿದ ಕಡೆಯೇ ಶೀಟ್ ಮೊದಲು ಗರಿಗರಿಯಾಗುವುದು. ಅಲ್ಲಿ ಪೈಪಿಗೆ ಬಿಳಿ ಬಣ್ಣ ಬಳಿದರೆ ಇನ್ನಷ್ಟು ಕಾಲ ಬಾಳುತ್ತದೆ. 200 ಮೈಕ್ರಾನ್ ಯುವಿ (ಬಿಸಿಲು ತಡೆಯುವ) ಶೀಟಿನ ಆಯಸ್ಸು ಮೂರ್ನಾಲ್ಕು ವರ್ಷ. ಬೆರಳಿನಿಂದ ಒತ್ತಿದರೆ ಬಿರುಕು ಬಿಡುವುದಾದರೆ ಟೇಪ್ ಅಂಟಿಸುತ್ತಾ ಕೂರಬೇಡಿ. ಧೂಳನ್ನು ಸೋಪು ನೀರು, ಮೆತ್ತನೆ ಬಟ್ಟೆಯಿಂದ ತೊಳೆಯಿರಿ. ಗಡುಸು ಬ್ರಷ್ ಗೀರು ಹಾಕುತ್ತದೆ.

ಬಿರುಗಾಳಿ ಏಳುವ ಸೂಚನೆ ಕಂಡರೆ ಗಾಳಿ ಬರುವ ದಿಕ್ಕಿನ ಪರದೆ ಮೊದಲು ಮುಚ್ಚಿ. ಅದು ತೆರೆದಿದ್ದರೆ ಒಳನುಗ್ಗಿದ ಗಾಳಿ ಮಾಡನ್ನೇ ಎತ್ತುತ್ತದೆ. ಪಕ್ಕದ ಕೀಟಪರದೆ 40 ಮೆಶ್ (ಇಂಚಿಗೆ 40 ಕಣ್ಣು) ಇದ್ದರೆ ಬಿಳಿನೊಣ ತಡೆಯುತ್ತದೆ, ಥ್ರಿಪ್ಸ್ ನುಸಿ ಅದರಲ್ಲೂ ತೂರುತ್ತದೆ. ಅದಕ್ಕೆ ನೀಲಿ ಅಂಟುಹಾಳೆ, ಬಿಳಿನೊಣಕ್ಕೆ ಹಳದಿ. ಎರಡು ಬಾಗಿಲಿದ್ದೂ ಎರಡನ್ನೂ ಒಟ್ಟಿಗೆ ತೆರೆದಿಡುವವರಿಗೆ ಯಾವ ಮೆಶ್ ಹಾಕಿಯೂ ಪ್ರಯೋಜನವಿಲ್ಲ.

ಸಸಿ

ಟೊಮೆಟೊ ಸಸಿಗೆ 25 ದಿನ, ಬದನೆಗೆ 30–35, ಮೆಣಸಿನಕಾಯಿಗೆ 35–40. ಜೂನ್ ಎರಡನೇ ವಾರದ ನಾಟಿಗೆ ಮೆಣಸಿನ ಬೀಜ ಮೇ ಮೊದಲ ವಾರ, ಟೊಮೆಟೊ ಮೇ ಮಧ್ಯಕ್ಕೆ ಬೀಳಬೇಕು. 98 ಕುಳಿಯ ಟ್ರೇಗೆ ಸುಮಾರು 1.2 ಕೆಜಿ ತೆಂಗಿನ ನಾರಿನ ಪುಡಿ ಹಿಡಿಯುತ್ತದೆ. ತಂದದ್ದನ್ನು ಎರಡು ಮೂರು ಸಲ ತೊಳೆದು ಉಪ್ಪು ಕಳೆಯಿರಿ. ಟ್ರೇಗಳನ್ನು ಒಂದರ ಮೇಲೊಂದು ಪೇರಿಸಿ ಮುಚ್ಚಿದ್ದರೆ, ಮೊಳಕೆ ತಲೆ ಎತ್ತಿದ ದಿನವೇ ಬಿಡಿಸಿ. ಒಂದು ದಿನ ತಡವಾದರೂ ಸಸಿ ದಾರದಂತೆ ಉದ್ದವಾಗುತ್ತದೆ. ನಾಟಿಯವರೆಗೂ ಟ್ರೇ 40 ಮೆಶ್ ಪರದೆಯೊಳಗೇ ಇರಲಿ. ಸಸಿಯಲ್ಲೇ ಎಲೆಮುಟುರು ರೋಗ ಅಂಟಿದ ಟೊಮೆಟೊ ಗಿಡ ಕಾಯಿ ಕೊಡುವುದಿಲ್ಲ. ಬಯಲಿಗಾದರೆ ಅರ್ಕಾ ರಕ್ಷಕ್‌ನಂತಹ ಈ ರೋಗ ತಡೆಯುವ ತಳಿ ಆರಿಸಿ.

ಬಯಲು ಮಡಿಗಳು

ಭದ್ರಾ ಕಾಲುವೆ ಕಡೆಯ ಎರೆಮಣ್ಣಿಗೆ 20 ಸೆಂ.ಮೀ. ಏರುಮಡಿ ಮತ್ತು ನೀರು ಹೊರಹೋಗುವ ಕಾಲುವೆ ಬೇಕೇ ಬೇಕು. ಚಳ್ಳಕೆರೆ, ಜಗಳೂರು ಕಡೆಯ ಕೆಮ್ಮಣ್ಣಿಗೆ ಅಷ್ಟು ಎತ್ತರ ಬೇಡ, ಬೇಗ ಒಣಗುತ್ತದೆ. ಅಲ್ಲಿ ಶೇಂಗಾ ಹೊಟ್ಟು, ಕಾಲುವೆ ಕಡೆ ಭತ್ತದ ಹುಲ್ಲು, ಹೊದಿಕೆಗೆ ಕೈಗೆ ಸಿಗುವುದು ಸಾಕು. ಶೇಂಗಾ ಹೊಟ್ಟಿನಲ್ಲಿ ಕಾಂಡ ಕೊಳೆಸುವ ಶಿಲೀಂಧ್ರ ಇರಬಹುದು, ಬುಡಕ್ಕೆ ತಾಗಿಸದೆ ನಾಲ್ಕು ಬೆರಳು ಬಿಟ್ಟು ಹರಡಿ. ಪಡುವಣ ಬದಿಗೆ ಎರಡು ಸಾಲು ಜೋಳ ಇಲ್ಲವೇ ಸಜ್ಜೆಯನ್ನು ನಾಟಿಗೆ 20 ದಿನ ಮೊದಲೇ ಬಿತ್ತಿದರೆ ಗಾಳಿಯನ್ನೂ ಬಿಳಿನೊಣವನ್ನೂ ಒಂದಿಷ್ಟು ತಡೆಯುತ್ತದೆ. ಬೆಂಡೆಗೆ ಅಂತರ 45×30 ಸೆಂ.ಮೀ., ಬದನೆಗೆ 75×60, ಗೋರಿಕಾಯಿಗೆ 45×20.

ನಾಟಿಗೆ ವಾರ ಮೊದಲು ಸಸಿಗೆ ನೀರು, ನೆರಳು ಎರಡನ್ನೂ ಕಡಿಮೆ ಮಾಡಿ. ಸಂಜೆ ನಾಲ್ಕರ ಮೇಲೆ ನೆಟ್ಟು ಡ್ರಿಪ್ ಬಿಡಿ. ಮೊದಲ ಗಾಳಿಮಳೆಯ ಮಾರನೇ ಬೆಳಿಗ್ಗೆ ಸ್ಪ್ರಿಂಗ್‌ಗಳನ್ನು ಇನ್ನೊಮ್ಮೆ ಒತ್ತಿ ನೋಡಿ, ಒಂದೆರಡಾದರೂ ಸಡಿಲಾಗಿರುತ್ತವೆ.